ಮೊದಲು ಮ್ಯಾಟರ್, ಆಮೇಲೆ ಬಟ್ಟೆ

"ಮದ್ಲು ಗಣೇಶನ್ನ ಆಕಪ್ಪ. ಗಣೇಶನಿಲ್ದೆ ಎಂಗೆ ಶುರು ಮಾಡ್ತೀಯ?"

"ಗಣೇಶ ಎಲ್ಲಿಗೂ ಓಗಲ್ಲ ಕಣಣ್ಣ. ಮದ್ಲು ಮ್ಯಾಟರ್ ಯೋಳು."

ನನ್ನ ತಮ್ಮ ಮುನಿರಾಜುವಿನ ಅಂಗಡಿಯಲ್ಲಿ ನಾನು ಕೇಳಿದ ಕೊನೆಯ ಜಗಳ ಇದು. ಕೊನೆಯದು ಅಂತ ಆಗ ಯಾರಿಗೆ ಗೊತ್ತಿತ್ತು? ಅವತ್ತು ಬೇರೆ ದಿನಗಳಂತೆಯೇ ಒಂದು ದಿನ. ಎದುರಿನ ಹೋಟೆಲಿನಿಂದ ಟೀ ಬಂದಿತ್ತು, ಅದರಲ್ಲಿ ಎಂದಿನಂತೆ ಸಕ್ಕರೆ ಜಾಸ್ತಿ ಇತ್ತು.

ಬಂಗಾರಪೇಟೆಯ ತಾಲ್ಲೂಕು ಕಚೇರಿಯ ಪಕ್ಕದ ಸಂದಿಯಲ್ಲಿ ಅವನ ಅಂಗಡಿ. ಟೈಪಿಂಗ್, ಜೆರಾಕ್ಸ್, ಲಗ್ನಪತ್ರಿಕೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಬಂದವರು ಕೂರಲು ಒಂದು ಬೆಂಚು. ವಾರಕ್ಕೊಮ್ಮೆ ನಾನು ಈ ಅಂಕಣವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಅವನು ನನ್ನ ಬರಹದ ತಲೆ ಬಾಚಿ, ಪೌಡರ್ ಹಚ್ಚಿ, ಪತ್ರಿಕೆಗೆ ಕಳಿಸುತ್ತಿದ್ದ. (ನನಗೆ ಟೈಪ್ ಮಾಡಲು ಬರುತ್ತದೆ. ಮಿಕ್ಕಿದ್ದೇನೂ ಬರುತ್ತಿರಲಿಲ್ಲ.)

ಗಣೇಶನಿಗಾಗಿ ಹಟ ಹಿಡಿದಿದ್ದವರು ಬೇತಮಂಗಲದ ಕಡೆಯ ನಾರಾಯಣಪ್ಪ. ಹೊಸ ಮನೆ ಕಟ್ಟಿದ್ದರು. ಗೃಹಪ್ರವೇಶದ ಕಾರ್ಡ್ ಆಗಬೇಕಿತ್ತು. ಜೇಬಿನಲ್ಲಿ ಇನ್ಯಾರದೋ ಮನೆಯ ಕಾರ್ಡ್ ತಂದಿದ್ದರು. ನಮ್ಮ ಕಡೆ ಎಲ್ಲರೂ ಹೀಗೇ ಅಲ್ಲವೇ? ನಮ್ಮ ಮನೆಯ ಶುಭಕಾರ್ಯಕ್ಕೆ ಪಕ್ಕದ ಮನೆಯವರ ಕಾರ್ಡ್ ಹಿಡಿದು ಹೋಗುತ್ತೇವೆ. "ಇದೇ ತರ ಮಾಡು, ಎಸ್ರು ಮಾತ್ರ ಬದ್ಲಾಯ್ಸು" ಅನ್ನುತ್ತೇವೆ.

ಮುನಿರಾಜು ಆ ಕಾರ್ಡನ್ನು ಇಸಿದುಕೊಂಡು, ನೋಡದೆ, ಪ್ರಿಂಟರಿನ ಮೇಲೆ ಮಗುಚಿ ಇಟ್ಟ. ಅವನ ಪದ್ಧತಿಯೇ ಹಾಗೆ. ಮೊದಲು ಬರೀ ಮಾತು. ಬಿಳಿ ಪರದೆ, ಕಪ್ಪು ಅಕ್ಷರ, ಎಲ್ಲಾ ಒಂದೇ ಗಾತ್ರ. ದೇವರೂ ಇಲ್ಲ, ಬಾಳೆಕಂದೂ ಇಲ್ಲ, ಬಾರ್ಡರೂ ಇಲ್ಲ. ಅದನ್ನು ಒಂದು ಹಾಳೆಗೆ ಪ್ರಿಂಟ್ ತೆಗೆದು ಬಂದವರ ಕೈಗೆ ಕೊಡುತ್ತಿದ್ದ. "ಜೋರಾಗಿ ಓದಿ" ಅನ್ನುತ್ತಿದ್ದ. ಓದು ಬಾರದವರಿದ್ದರೆ ತಾನೇ ಓದಿ ಕೇಳಿಸುತ್ತಿದ್ದ. ಅವರು ಓದುವಾಗ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ಏನೋ ಎಡವಟ್ಟಿದೆ ಅಂತ ಅವನ ಲೆಕ್ಕ. ಪೂರ್ತಿ ಓದಿದ ಮೇಲೆ ಕಣ್ಣು ಬಿಟ್ಟು, "ಆಯ್ತು, ಇವಾಗ ಬಟ್ಟೆ ತೊಡ್ಸಣ" ಅನ್ನುತ್ತಿದ್ದ. ಆಮೇಲೆಯೇ ಗಣೇಶ.

ನಾರಾಯಣಪ್ಪನವರು ಗೊಣಗಿಕೊಂಡೇ ಓದಲು ಶುರು ಮಾಡಿದರು. ಸುಖಾಗಮನ ಬಯಸುವವರು ಅನ್ನುವ ಜಾಗಕ್ಕೆ ಬಂದು ನಿಂತರು. ಇನ್ನೊಂದು ಸಲ ಓದಿದರು.

"ಅಯ್ಯಯ್ಯೋ! ನಮ್ಮ ದೊಡ್ಡಣ್ಣನ ಎಸ್ರೇ ಬಿಟ್ಟೋಯ್ತಲ್ಲಪ್ಪ!"

"ನೋಡಿದ್ರಾ? ದೊಡ್ಡಣ್ಣ ಮುನ್ಸ್ಕೊಂಡು ಬರ್ದೇ ಇದ್ದಿದ್ರೆ, ಗಣೇಶ ಬಂದು ಊಟಕ್ಕೆ ಬಡಿಸ್ತಿದ್ನಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾರಾಯಣಪ್ಪನವರೂ ನಕ್ಕರು. ಅವರು ಹೋದ ಮೇಲೆ ನನ್ನ ಸರದಿ.

ನನ್ನ ಫೈಲು ತೆರೆದವನೇ ತಲೆ ಚಚ್ಚಿಕೊಂಡ. "ಅಕ್ಕೋ, ಎಷ್ಟು ಸಲ ಯೋಳ್ಲಿ? ಹೆಡಿಂಗ್ ಮಧ್ಯಕ್ಕೆ ಬರ್ಲಿ ಅಂತ ಸ್ಪೇಸ್ ಬಾರ್ ಒತ್ತಿ ಒತ್ತಿ ತಳ್ಳಿದ್ದೀಯಲ್ಲ, ಎಮ್ಮೆ ತಳ್ಳಿದಂಗೆ!"

"ಮಧ್ಯಕ್ಕೆ ಬಂದೈತಲ್ಲ ಬಿಡ್ಲಾ."

"ನಿನ್ನ ಕಂಪ್ಯೂಟರ್ನಾಗೆ ಬಂದೈತೆ. ಇಲ್ಲಿ ಗೋಡೆಗೆ ಒಡ್ಕೊಂಡು ನಿಂತೈತೆ ನೋಡು."

ನಿಜವೇ. ಅಕ್ಷರದ ಗಾತ್ರ ಸ್ವಲ್ಪ ಬದಲಾದದ್ದೇ ತಡ, ನಾನು ಕಷ್ಟಪಟ್ಟು ನಡುವೆ ನಿಲ್ಲಿಸಿದ್ದ ಶೀರ್ಷಿಕೆ ಎರಡು ತುಂಡಾಗಿತ್ತು. ಅವನು ಹೊಸದಾಗಿ ಹೇಳಿಕೊಡುವವನಂತೆ ಮತ್ತೆ ಹೇಳಿಕೊಟ್ಟ.

"ಕಂಪ್ಯೂಟರ್‌ಗೆ ದಪ್ಪ ಮಾಡು, ಮಧ್ಯಕ್ಕೆ ತಳ್ಳು ಅಂತ ಯೋಳ್ಬಾರ್ದಕ್ಕ. ಇದು ಹೆಡಿಂಗು, ಇದು ಪ್ಯಾರಾ ಅಂತ ಯೋಳು. ಯಾವ್ದು ಏನು ಅಂತ ಗೊತ್ತಾದ್ರೆ ಸಾಕು. ಎಂಗೆ ಕಾಣ್ಬೇಕು ಅನ್ನೋದು ಆಮ್ಯಾಕೆ ಒಂದು ಕಡೆ ಯೋಳಿದ್ರೆ, ಎಲ್ಲಾ ಹೆಡಿಂಗೂ ಅಂಗೇ ನಿಂತ್ಕೋತವೆ."

ಇದಕ್ಕೆ ಸ್ಟೈಲ್ ಅನ್ನುತ್ತಾರೆ. ಹೆಸರು ಕೇಳಿದರೆ ಕ್ರಾಪು, ಕೂಲಿಂಗ್ ಗ್ಲಾಸು ನೆನಪಾಗುತ್ತದೆ. ಆದರೆ ವಿಷಯ ಸರಳ. ಬರೆದದ್ದು ಬೇರೆ, ಅದು ಕಾಣುವ ರೀತಿ ಬೇರೆ. ಎರಡನ್ನೂ ಒಂದೇ ಸಲ ಕಲಸಿದರೆ ಆಮೇಲೆ ಬಿಡಿಸಲು ಆಗುವುದಿಲ್ಲ. ಒಬ್ಬ ಹಾಲಿನ ಡೇರಿ ಸೆಕ್ರೆಟರಿ ಅವನಲ್ಲಿಗೆ ವಾರ್ಷಿಕ ವರದಿ ತಂದಿದ್ದರಂತೆ. ಪ್ರತಿ ಶೀರ್ಷಿಕೆಯನ್ನೂ ಕೈಯಲ್ಲೇ ದಪ್ಪ ಮಾಡಿ, ಬಣ್ಣ ಹಚ್ಚಿ, ಹೊಸ ಪುಟ ಬರುವತನಕ ಎಂಟರ್ ಒತ್ತಿದ್ದರು. ಅಧ್ಯಕ್ಷರು "ಅಕ್ಷರ ಇನ್ನೊಂಚೂರು ದೊಡ್ಡದಿರಲಿ" ಅಂದರು. ಅಷ್ಟೇ. ಹಾಲಿನ ದರ ಹೋಗಿ ಹಿಂಡಿ ಬೂಸಾದ ಪುಟದಲ್ಲಿ ಕೂತಿತು.

ಮುನಿರಾಜು ತನ್ನ ಕಾರ್ಡುಗಳಿಗೆ ಸ್ಟೈಲುಗಳನ್ನು ಮಾಡಿಟ್ಟುಕೊಂಡಿದ್ದ. ಅವಕ್ಕೆ ಅವನೇ ಇಟ್ಟ ಹೆಸರುಗಳು: ದೇವ್ರು, ದೊಡ್ಡೋರು, ಹೆಸ್ರು, ಊಟ, ದಾರಿ. ಮದುವೆಯಾಗಲಿ ನಾಮಕರಣವಾಗಲಿ, ಮನುಷ್ಯರು ಕಾರ್ಡಿನಲ್ಲಿ ಹೇಳುವುದು ಇಷ್ಟೇ ಅಂತ ಅವನ ವಾದ. ಯಾವ ದೇವರು, ಮನೆಯ ದೊಡ್ಡವರು ಯಾರು, ಯಾರ ಕಾರ್ಯ, ಊಟ ಎಷ್ಟೊತ್ತಿಗೆ, ಬರುವ ದಾರಿ ಯಾವುದು. "ಎಲ್ರೂ ಓದೋದು ಊಟ ಒಂದ್ನೇ. ಅದ್ಕೇ ಅದನ್ನ ದಪ್ಪಗೆ ಇಟ್ಟಿದ್ದೀನಿ" ಅಂದು ಅವತ್ತು ನಗಿಸಿದ್ದ. ನಾನು ಹೊರಟಾಗ, "ಮುಂದಿನ ವಾರ ಸ್ಪೇಸ್ ಬಾರ್ ಕಿತ್ತು ಇಸ್ಕೊಂಬಿಡ್ತೀನಿ, ನೋಡ್ಕೋ" ಅಂದ. ನಾನು, "ಓಗ್ಲಾ, ಬಂದ್ಬಿಟ್ಟ ದೊಡ್ಡ ಮೇಷ್ಟ್ರು" ಅಂದೆ.

ಮಾರನೆಯ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕುಸಿದು ಕೂತ. ಮತ್ತೆ ಏಳಲಿಲ್ಲ. ಎದೆಯಲ್ಲಿ ಏನೋ ಆಯಿತು ಅಂದರು. ಇದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಬರುವುದಿಲ್ಲ.

ಅವನ ಹೆಂಡತಿ ಮಂಜುಳ. ಅವರಿಗೆ ಮಕ್ಕಳಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹನ್ನೊಂದನೆಯ ದಿನ ಅವರ ಮನೆಯ ಬೀದಿಯಲ್ಲಿ ಒಂದು ಫ್ಲೆಕ್ಸ್ ನಿಂತಿತ್ತು. ನಮ್ಮ ಮಾವನ ಮಗ ಸೀನಣ್ಣ ಕಟ್ಟಿಸಿದ್ದು. ಮೋಡ, ತಾವರೆ, ಎರಡು ಪಾರಿವಾಳ, ಎರಡು ದೀಪ. ನಡುವೆ ಮುನಿರಾಜುವಿನ ಫೋಟೋ, ಆಧಾರ್ ಕಾರ್ಡಿನಿಂದ ತೆಗೆದದ್ದು. ಮೇಲೆ ದೊಡ್ಡದಾಗಿ 'ಕಣ್ಣೀರಿನ ಶ್ರದ್ಧಾಂಜಲಿ'. ಕೆಳಗೆ, 'ನಿಮ್ಮನ್ನು ಅಗಲಿ ದುಃಖಿಸುತ್ತಿರುವ ಮಕ್ಕಳು, ಅಳಿಯಂದಿರು, ಸೊಸೆಯಂದಿರು, ಮೊಮ್ಮಕ್ಕಳು'.

ಮಂಜುಳ ಅದರ ಮುಂದೆ ನಿಂತು ಪೂರ್ತಿ ಓದಿದಳು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು:

"ಅಕ್ಕ, ನಮ್ಗೆ ಮೊಮ್ಮಕ್ಕಳೂ ಆಗೋದ್ರು."

ಏನಾಗಿತ್ತೆಂದು ನಿಮಗೆ ಅರ್ಥವಾಗಿರುತ್ತದೆ. ಯಾರೋ ಅಜ್ಜಿಗೆ ಮಾಡಿದ್ದ ಫ್ಲೆಕ್ಸು ರೆಡಿ ಇತ್ತು. ಫೋಟೋ ಬದಲಾಯಿತು, ಹೆಸರು ಬದಲಾಯಿತು. ಅಜ್ಜಿಯ ಮೊಮ್ಮಕ್ಕಳು ಹಾಗೇ ಉಳಿದುಕೊಂಡರು. ಸೀನಣ್ಣನಿಗೆ ಗೊತ್ತಾದಾಗ ಅವನು ಅತ್ತುಬಿಟ್ಟ. "ನಾನು ಫೋನ್ನಾಗೇ ಯೋಳ್ದೆ ತಾಯಿ, ಕಣ್ಣಾಕಿ ನೋಡ್ಲಿಲ್ಲ. ಇವಾಗ್ಲೇ ಬಿಚ್ಚಿಸ್ತೀನಿ" ಅಂತ ಏಣಿ ಹುಡುಕಲು ಹೊರಟ. ಮಂಜುಳಳೇ ತಡೆದಳು.

"ಇರ್ಲಿ ಬಿಡು ಸೀನಣ್ಣ. ಅಷ್ಟೊಂದು ಜನ ಅಳ್ತಾವ್ರೆ ಅಂತ ಅವ್ರಿಗೂ ಸಂತೋಷ ಆಗ್ಲಿ."

ಸೀನಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಸಾವಿನ ಮನೆಯಲ್ಲಿ ಮಾತು ಯಾರಿಗೆ ಸಿಗುತ್ತದೆ ಹೇಳಿ? ಮಾತು ಸಿಗದವರಿಗೆ ತಾವರೆ, ದೀಪ, ಪಾರಿವಾಳಗಳೇ ಕೈಯಾಸರೆ. ಫೋನಿಗೆ ಬರುವ 'ಓಂ ಶಾಂತಿ' ಚಿತ್ರಗಳೂ ಅಷ್ಟೇ. ಕಳಿಸಿದವರಿಗೆ ದುಃಖವಿಲ್ಲ ಅಂತಲ್ಲ. ದುಃಖವನ್ನು ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಚೌಕಟ್ಟಿನಿಂದ ಶುರು ಮಾಡಿರುತ್ತಾರೆ. ನಾರಾಯಣಪ್ಪನವರು ಗಣೇಶನಿಂದ ಶುರು ಮಾಡಿದ ಹಾಗೆ.

ಅವನಿಲ್ಲದೆ ನಾನು ಕಳಿಸಿದ ಮೊದಲ ಅಂಕಣ ಪತ್ರಿಕೆಯಲ್ಲಿ ಹೇಗೆ ಬಂದಿತ್ತೆಂದು ಕೆಲವರು ಗಮನಿಸಿದ್ದೀರಿ. ಶೀರ್ಷಿಕೆಯ ಅರ್ಧ ಒಂದು ಸಾಲಿನಲ್ಲಿ, ಮಿಕ್ಕರ್ಧ ಮುಂದಿನ ಸಾಲಿನ ಕೊನೆಯಲ್ಲಿ. ಸಂಪಾದಕರು ಫೋನ್ ಮಾಡಿದರು. ಒಳ್ಳೆಯವರು, ಬೈಯಲಿಲ್ಲ.

"ಮೇಡಂ, ನಿಮ್ಮ ಫೈಲಿನಲ್ಲಿ ಅಕ್ಷರಕ್ಕಿಂತ ಖಾಲಿ ಜಾಗ ಜಾಸ್ತಿ ಇದೆಯಲ್ಲ?"

"ಹೌದು ಸಾರ್, ಈಚೆಗೆ ಹಾಗೇ ಆಗಿದೆ" ಅಂದೆ.

"ಪರವಾಗಿಲ್ಲ, ನಾವು ಸರಿ ಮಾಡಿಕೊಳ್ತೀವಿ" ಅಂದರು.

ಈಗ ವರ್ಷದ ತಿಥಿ ಬಂತು. ಕಳೆದ ತಿಂಗಳು ಮಂಜುಳ ಫೋನ್ ಮಾಡಿ ಅಂಗಡಿಗೆ ಬಾ ಅಂದಳು. ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ, ಬರೀ ಜೆರಾಕ್ಸು. ಹೋದರೆ ಬೆಂಚಿನ ಮೇಲೆ ಸೀನಣ್ಣನೂ ಕೂತಿದ್ದ. ಮತ್ತೊಂದು ಫ್ಲೆಕ್ಸ್ ಹಾಕಿಸುವ ಉತ್ಸಾಹದಲ್ಲಿದ್ದ. ಈ ಸಲ ತಾನೇ ಮೂರು ಸಲ ಓದುವುದಾಗಿ ಆಣೆ ಮಾಡಿದ. ಮಂಜುಳ ತಲೆಯಾಡಿಸಿದಳು.

"ಫ್ಲೆಕ್ಸ್ ಬ್ಯಾಡಣ್ಣ. ಒಂದು ಕಾರ್ಡು ಮಾಡಣ, ಅವ್ರು ಮಾಡ್ತಿದ್ದಂಗೆ. ಅಕ್ಕ, ಮ್ಯಾಟರ್ ನೀನೇ ಬರಿ. ಅವ್ರು ಊರೋರಿಗೆಲ್ಲ ಕಾರ್ಡ್ ಮಾಡವ್ರೆ. ಅವ್ರ ಕಾರ್ಡ್ನಾಗೆ ಇನ್ಯಾರ್ದೋ ಮಾತು ಇರಬಾರ್ದು."

ಇಷ್ಟೇ ಅವಳು ಕೇಳಿದ್ದು. ಮೊಮ್ಮಕ್ಕಳ ಮಾತನ್ನು ಅವತ್ತು ತಮಾಷೆಯಂತೆ ಆಡಿದ್ದವಳು ಅದನ್ನು ವರ್ಷವಿಡೀ ಹೊತ್ತುಕೊಂಡು ತಿರುಗಿದ್ದಾಳೆ ಅಂತ ನನಗೆ ಆಗ ತಿಳಿಯಿತು.

ಅವನ ಕುರ್ಚಿಯಲ್ಲಿ ಕೂತೆ. ಕಂಪ್ಯೂಟರ್ ಆನ್ ಮಾಡಿದೆ. ಮತ್ತೆ ಏನು ಮಾಡಿದೆ ಗೊತ್ತೇ? ಒಳ್ಳೆಯ ಬಾರ್ಡರ್ ಹುಡುಕಿದೆ. ಬಳ್ಳಿ ಬೇಕೋ, ಬರೀ ಗೆರೆ ಸಾಕೋ ಅಂತ ನೋಡಿದೆ. ಫೋಟೋ ಎಡಕ್ಕಿಟ್ಟೆ, ಬಲಕ್ಕಿಟ್ಟೆ. ಅಕ್ಷರಕ್ಕೆ ನೀಲಿ ಬಣ್ಣ ಚೆನ್ನಾಗಿರುತ್ತದೋ, ಬೂದು ಬಣ್ಣವೋ ಅಂತ ಹಾಕಿ ತೆಗೆದೆ. ಟೀ ತಣ್ಣಗಾಯಿತು. ಪರದೆಯ ಮೇಲೆ ಚೆಂದದ ಚೌಕಟ್ಟು ನಿಂತಿತ್ತು. ಒಳಗೆ ಒಂದು ಅಕ್ಷರವಿರಲಿಲ್ಲ.

"ಅಕ್ಕ," ಹಿಂದಿನಿಂದ ಮಂಜುಳ ಅಂದಳು, "ಅವ್ರಿದ್ದಿದ್ರೆ ಕೈಗೆ ಒಡೀತಿದ್ರು."

ಎಲ್ಲ ಅಳಿಸಿದೆ. ಬಿಳಿ ಪರದೆ. ಕಪ್ಪು ಅಕ್ಷರ. ಈಗ ಸರಿಯಾಗಿ ಶುರು ಮಾಡಿದೆ ಅಂದುಕೊಂಡು ಟೈಪ್ ಮಾಡಿದೆ: 'ನಮ್ಮ ಕುಟುಂಬದ ನಂದಾದೀಪ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ದಿವಂಗತ ಶ್ರೀ ಮುನಿರಾಜು ಅವರು ನಮ್ಮನ್ನಗಲಿ...'

ಪ್ರಿಂಟ್ ತೆಗೆದು ಮಂಜುಳಳ ಕೈಗೆ ಕೊಟ್ಟೆ. ಅವಳು ಜೋರಾಗಿ ಓದಿದಳು. ಮೂರನೆಯ ಪದಕ್ಕೇ ನಿಂತಳು.

"ನಂದಾದೀಪ ಯಾರಕ್ಕ? ಕರೆಂಟ್ ಓದ್ರೆ ಮೇಣದಬತ್ತಿ ಅಚ್ಚೋಕೂ ನನ್ನೇ ಕೂಗೋರು!"

ಸೀನಣ್ಣ ಬೆಂಚಿನಿಂದ, "ಸಜ್ಜನಿಕೆ ಏನು ಬಂತಮ್ಮ, ನನ್ನ ಎಷ್ಟು ಗೋಳು ಉಯ್ಕೊಂಡವ್ನೆ ಅವ್ನು. ನನ್ನ ಮದ್ವೆ ಕಾರ್ಡ್ನಾಗೆ ನನ್ನ ಡಿಗ್ರಿ ಆಕು ಅಂದ್ರೆ, ಎರಡು ಸಬ್ಜೆಕ್ಟು ಬಾಕಿ ಅಂತ್ಲೂ ಆಕ್ಲಾ ಅಂತ ಕೇಳಿದ್ದ" ಅಂದ.

ಮೂವರೂ ನಕ್ಕೆವು. ಆ ಅಂಗಡಿಯಲ್ಲಿ ವರ್ಷದಿಂದ ಯಾರೂ ಹಾಗೆ ನಕ್ಕಿರಲಿಲ್ಲವೇನೋ. ನಗು ನಿಂತ ಮೇಲೆ ನಾನು ಹಾಳೆ ನೋಡಿದೆ. ಬಾರ್ಡರ್ ತೆಗೆದಿದ್ದೆ, ಬಣ್ಣ ತೆಗೆದಿದ್ದೆ. ಆದರೂ ಹಾಳೆಯ ತುಂಬ ತಾವರೆ, ಪಾರಿವಾಳಗಳೇ ಕೂತಿದ್ದವು. ಅಲಂಕಾರ ಅಂದರೆ ಬರೀ ಹೂವು, ಗೆರೆ ಅಂತ ತಿಳಿದಿದ್ದೆ. ಮಾತಿನೊಳಗೂ ಅದು ಬಂದು ಸೇರಿಕೊಂಡಿರುತ್ತದೆ ಅಂತ ತಿಳಿದಿರಲಿಲ್ಲ. ಆ ವಾಕ್ಯದಲ್ಲಿ ಹೆಸರು ಬದಲಾಯಿಸಿದರೆ ಯಾವ ಊರಿನ ಯಾರಿಗೆ ಬೇಕಾದರೂ ಆಗುತ್ತಿತ್ತು. ಆ ಅಜ್ಜಿಗೂ ಆಗುತ್ತಿತ್ತು.

ನೀವು ನಿಮ್ಮವರೊಬ್ಬರ ಬಗ್ಗೆ ನಾಲ್ಕು ಸಾಲು ಬರೆದು ನೋಡಿ. ಅವರಿಗೆ ಬಿಟ್ಟು ಇನ್ಯಾರಿಗೂ ಹೊಂದದ ನಾಲ್ಕು ಸಾಲು. ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ನಾನು ಬರೆದೆ, ಅಳಿಸಿದೆ. ಮಧ್ಯೆ ಯಾರೋ ಪಹಣಿ ಜೆರಾಕ್ಸಿಗೆ ಬಂದರು, ಹೋದರು. ಸಂಜೆಯ ಹೊತ್ತಿಗೆ, ತಾರೀಕು, ಊಟದ ಹೊತ್ತು, ದಾರಿ ಬಿಟ್ಟರೆ, ಉಳಿದದ್ದು ಇಷ್ಟು:

'ಮುನಿರಾಜು ತೀರಿಕೊಂಡು ಒಂದು ವರ್ಷವಾಯಿತು. ಬಂಗಾರಪೇಟೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ. ನಿಮ್ಮ ಮನೆಯ ಮದುವೆಗೋ ನಾಮಕರಣಕ್ಕೋ ಅವನು ಕಾರ್ಡ್ ಮಾಡಿಕೊಟ್ಟಿರಬಹುದು. ನಿಮ್ಮಿಂದಲೇ ಅದನ್ನು ಜೋರಾಗಿ ಓದಿಸಿರಬಹುದು. ಅವನ ತಿಥಿಗೆ ಬನ್ನಿ. ಊಟ ಮಾಡಿಕೊಂಡು ಹೋಗಿ. ಹೆಂಡತಿ ಮಂಜುಳ, ಅಕ್ಕ, ಸೀನಣ್ಣ.'

(ತನ್ನ ಹೆಸರು ನೋಡಿ ಸೀನಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. ಬಿಸಿಲು ಅಂದ. ಬಿಸಿಲು ಹೋಗಿ ಎಷ್ಟೋ ಹೊತ್ತಾಗಿತ್ತು.)

ಮಂಜುಳ ಎದ್ದು ನಿಂತು ಓದಿದಳು. ಶಾಲೆಯಲ್ಲಿ ಮಕ್ಕಳು ಓದುವ ಹಾಗೆ, ಎರಡೂ ಕೈಯಲ್ಲಿ ಹಾಳೆ ಹಿಡಿದು. ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಹೆಸರಿನತನಕ ಓದಿ ನಿಲ್ಲಿಸಿದಳು.

ನಾನೂ ಕಾದೆ, ಅವಳೂ ಕಾದಳು. ಏನಕ್ಕೆ ಕಾಯುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿತ್ತು. ಕಣ್ಣು ಬಿಟ್ಟು ಅವನು ಅನ್ನುತ್ತಿದ್ದ ಆ ಮಾತು ಬರದೆ ಮುಂದಿನ ಕೆಲಸ ಆ ಅಂಗಡಿಯಲ್ಲಿ ಯಾವತ್ತೂ ನಡೆದಿರಲಿಲ್ಲ. ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿದರು. ರೈಲು ಕೂಗಿತು.

ಕೊನೆಗೆ ಮಂಜುಳ ನನ್ನ ಪಕ್ಕಕ್ಕೆ ಬಂದು ಬಗ್ಗಿ, ತಾನೇ ಮೌಸ್ ಹಿಡಿದಳು. 'ಮುನಿರಾಜು' ಅನ್ನುವುದರ ಮೇಲೆ ನಿಂತು, ಅವನು ಮಾಡಿಟ್ಟಿದ್ದ ಸ್ಟೈಲುಗಳನ್ನು ನೋಡಿದಳು. ದೇವ್ರು, ದೊಡ್ಡೋರು, ಹೆಸ್ರು, ಊಟ, ದಾರಿ.

"ಇದು ಹೆಸ್ರು ತಾನೇ ಅಕ್ಕ?"

"ಹೂಂ. ಅದನ್ನ ಬೇರೆ ಮಾಡಿ ಮೇಲಕ್ಕಿಟ್ಟು, ಹೆಸ್ರು ಅಂತ ಯೋಳು."

ಅವಳು ಒತ್ತಿದಳು. ಅದುವರೆಗೆ ಸಾಲಿನಲ್ಲಿ ಸಣ್ಣದಾಗಿ ಕೂತಿದ್ದ ಅವನ ಹೆಸರು ಒಮ್ಮೆಲೇ ದೊಡ್ಡದಾಗಿ, ನಡುವೆ, ಕೆಂಪಗೆ ಬಂದು ನಿಂತಿತು. ಕೆಳಗೆ ಎರಡು ಸಣ್ಣ ಸುಳಿ. ಮದುಮಗನ ಹೆಸರಿನ ಹಾಗೆ. ಅವನು ಊರಿನ ಎಷ್ಟು ಗಂಡುಗಳ ಹೆಸರನ್ನು ಹೀಗೆ ನಿಲ್ಲಿಸಿದ್ದನೋ!

"ನಮ್ಮ ಮದ್ವೆ ಕಾರ್ಡ್ನಾಗೂ ಇಂಗೇ ಇತ್ತು" ಅಂದಳು ಮಂಜುಳ. ಆಮೇಲೆ ಕಪ್ಪು ಬಣ್ಣಕ್ಕೆ ಬದಲಾಯಿಸಲಾ ಅಂತ ನಾನು ಕೇಳಿದೆ.

"ಬ್ಯಾಡ. ಕೆಂಪೇ ಇರ್ಲಿ."

ಕಾರ್ಡು ಹಾಗೇ ಅಚ್ಚಾಯಿತು. ತಿಥಿಗೆ ಜನ ಬಂದರು. ನಾರಾಯಣಪ್ಪನವರು ದೊಡ್ಡಣ್ಣನನ್ನೂ ಕರೆದುಕೊಂಡು ಬಂದಿದ್ದರು. ಊಟ ಮುಗಿಸಿ, ಕೈ ತೊಳೆದು, ಕಾರ್ಡನ್ನು ಜೇಬಿನಿಂದ ತೆಗೆದು ನನಗೆ ತೋರಿಸಿದರು. "ಇದು ನಮ್ಮ ಮುನಿರಾಜುದೇ ಕಣಮ್ಮ. ಬ್ಯಾರೆ ಯಾರ್ದೂ ಅಲ್ಲ" ಅಂದರು. ಮಂಜುಳ ಪಕ್ಕದಲ್ಲೇ ಇದ್ದಳು. ಕೇಳಿಸಿಕೊಂಡಳು. ಅವರಿಗೆ ಇನ್ನೆರಡು ಬಾಳೆಹಣ್ಣು ಕೊಟ್ಟಳು.

ಈ ವಾರದ ಅಂಕಣವನ್ನು ಅವನ ಅಂಗಡಿಯಲ್ಲೇ ಕೂತು ಟೈಪ್ ಮಾಡಿದ್ದೇನೆ. ಶೀರ್ಷಿಕೆಯನ್ನು ಶೀರ್ಷಿಕೆ ಅಂತಲೇ ಹೇಳಿದ್ದೇನೆ. ಸ್ಪೇಸ್ ಬಾರ್ ಒತ್ತಿ ಏನನ್ನೂ ತಳ್ಳಿಲ್ಲ. ಬರೆದಾದ ಮೇಲೆ ಪ್ರಿಂಟ್ ತೆಗೆದು, ಮಂಜುಳ ಜೆರಾಕ್ಸ್ ಮಾಡುತ್ತಿರುವಾಗ, ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದೆ.

'ಆಯ್ತು ಅಕ್ಕೋ, ಇವಾಗ ಬಟ್ಟೆ ತೊಡ್ಸಣ' ಅಂತ ಯಾರೂ ಅನ್ನಲಿಲ್ಲ.